ಬಂಡೆಯನ್ನು ಸುತ್ತಿದ ಬೆಲ್ಟು

ಶಹಾಪುರದಿಂದ ಸುರಪುರದ ಕಡೆ ಹೋಗುವ ರಸ್ತೆಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲು ಇದೆ. ಲಾರಿಗಳು ಬಂದು ನಿಲ್ಲುವ ಕಟ್ಟೆಗೂ ಹತ್ತಿ ಇಡುವ ಗೋದಾಮಿಗೂ ನಡುವೆ ಒಂದು ಬಂಡೆ. ಮೂರು ಟ್ರ್ಯಾಕ್ಟರುಗಳನ್ನು ಒತ್ತಾಗಿ ನಿಲ್ಲಿಸಿದಷ್ಟು ದೊಡ್ಡದು. ನಮ್ಮ ಕಡೆ ಬಂಡೆಗೆ ಬರವಿಲ್ಲ. ಮನೆ ಕಟ್ಟುವವರು ಬಂಡೆಯನ್ನು ಕೇಳಿಯೇ ಗೋಡೆ ಎಬ್ಬಿಸಬೇಕು. ಇದನ್ನು ಸಿಡಿಸೋಣವೆಂದರೆ ಮಗ್ಗುಲಲ್ಲೇ ಜನ ವಾಸವಿರುವ ಮನೆಗಳು. ಹಾಗಾಗಿ ಎಲ್ಲರೂ ಅದನ್ನು ಸುತ್ತಿಕೊಂಡೇ ಓಡಾಡುತ್ತಿದ್ದರು.

ಓಡಾಡುವವರಲ್ಲಿ ಹೆಚ್ಚಿನವರು ಅಂಡಿಗೆ ಹೊತ್ತ ಹಮಾಲರು. ಅಂಡಿಗೆ ಎಂದರೆ ಹತ್ತಿ ತುಂಬಿದ ದೊಡ್ಡ ಚೀಲ. ತೂಕಕ್ಕಿಂತ ಮೈಯೇ ಹೆಚ್ಚು. ಅದನ್ನು ಹೊತ್ತವನ ತಲೆ, ಭುಜ, ಬೆನ್ನು ಎಲ್ಲ ಮುಚ್ಚಿಹೋಗಿ, ದೂರದಿಂದ ನೋಡಿದರೆ ಅಂಡಿಗೆಗೇ ಎರಡು ಕಾಲು ಮೂಡಿ ನಡೆದು ಹೊರಟಂತೆ ಕಾಣುತ್ತದೆ. ಹೊತ್ತವನಿಗೆ ಎದುರು ಕಾಣದು. ಬಂಡೆಯ ಮೂಲೆಯಲ್ಲಿ ದಿನಕ್ಕೊಮ್ಮೆಯಾದರೂ ಇಬ್ಬರು ಡಿಕ್ಕಿ ಹೊಡೆದು, ಹತ್ತಿಯ ಮೇಲೆ ಬಿದ್ದದ್ದರಿಂದ ಪೆಟ್ಟಾಗದೆ, ಬಿದ್ದಲ್ಲೇ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು.

ನನ್ನದು ಶಹಾಪುರದಲ್ಲಿ ಒಂದು ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿಯ ಗ್ರಿಲ್ಲು, ಟ್ರೇಲರು ಮಾಡುತ್ತಿದ್ದೆ. ಕೆಂಭಾವಿಯ ಒಂದು ಬೇಳೆ ಮಿಲ್ಲಿಗೆ ಚೀಲ ಸಾಗಿಸುವ ಬೆಲ್ಟು ಮಾಡಿಕೊಟ್ಟದ್ದನ್ನು ಈ ಜಿನ್ನಿಂಗ್ ಮಿಲ್ಲಿನ ಸಾವ್ಕಾರರು ನೋಡಿ ಬಂದಿದ್ದರು. ನನ್ನನ್ನು ಕರೆಸಿ ಬಂಡೆ ತೋರಿಸಿದರು.

"ಅಲ್ಲಿ ನೆಟ್ಟಗ ಹೋಗೋ ಬೆಲ್ಟ್ ಮಾಡೀರಿ. ಇದು ಬಂಡಿ ಸುತ್ತಿ ತಿರುಗಬೇಕು. ಆಗ್ತದೇನ್ರಿ?"

"ಆಗ್ತದ್ರಿ ಸಾವ್ಕಾರ್ರ. ಅದೇನು ದೊಡ್ಡ ಮಾತು?" ಅಂದೆ.

ಅವರು ಕೊಡಿಸಿದ ಚಹಾ ಕುಡಿದು ಮುಗಿಸುವಷ್ಟರಲ್ಲಿ ಅದು ದೊಡ್ಡ ಮಾತೇ ಎಂದು ನನಗೆ ಗೊತ್ತಾಗಿತ್ತು. ಆದರೆ ಆಗಲೇ ಸಾವ್ಕಾರರು ಎದ್ದು ಹೋಗಿದ್ದರು.

ಮೊದಲು ಸುಲಭದ ದಾರಿ ಹಿಡಿದೆ. ಎರಡು ನೆಟ್ಟನೆಯ ಬೆಲ್ಟು ಮಾಡಿ, ಬಂಡೆಯ ಮೂಲೆಯಲ್ಲಿ ಒಂದರ ತುದಿಗೆ ಇನ್ನೊಂದನ್ನು ಅಡ್ಡ ಇಟ್ಟೆ. ಮೊದಲನೆಯದರಿಂದ ಬಂದ ಅಂಡಿಗೆ ಎರಡನೆಯದರ ಮೇಲೆ ಬಿದ್ದು ಮುಂದೆ ಸಾಗಬೇಕು. ಬೀಳುವುದೇನೋ ಬಿತ್ತು. ಆದರೆ ಅಡ್ಡಡ್ಡ ಬಿದ್ದು, ಮದುವೆ ಮನೆಯ ಬಾಗಿಲಿಗೆ ಸಿಕ್ಕ ಮಂಚದಂತೆ ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲದೆ ನಿಂತಿತು. ಹಿಂದಿನಿಂದ ಬಂದ ಅಂಡಿಗೆ ಅದರ ಮೇಲೇರಿತು. ಮೂರನೆಯದು ನೆಲಕ್ಕೆ ಉರುಳಿತು. ಮೂಲೆಯಲ್ಲಿ ನಿಂತು ತಳ್ಳಲು ಇಬ್ಬರು ಆಳು ಬೇಕಾದರು.

ಆಮೇಲೆ ಚೌಕಟ್ಟನ್ನೇ ಬಾಗಿಸಿದೆ. ಕಾಲು ಚಕ್ರದಷ್ಟು ತಿರುವಿನ ಚೌಕಟ್ಟು ಮಾಡಿ, ಅದರ ಮೇಲೆ ಮಾಮೂಲಿ ರಬ್ಬರ್ ಬೆಲ್ಟು ಹಾಕಿ ಮೋಟಾರು ಚಾಲೂ ಮಾಡಿದೆ. ಬೆಲ್ಟಿನ ಒಳ ಅಂಚು ಸುಕ್ಕುಸುಕ್ಕಾಗಿ ಹಪ್ಪಳದಂತೆ ಎದ್ದಿತು. ಹೊರ ಅಂಚು ಹಲಗೆ ವಾದ್ಯದ ತೊಗಲಿನಂತೆ ಬಿಗಿದು, ಪಟ್ಟನೆ ಕಳಚಿ ನನ್ನ ಕಾಲ ಬುಡಕ್ಕೆ ಬಂದು ಬಿತ್ತು.

ನೋಡುತ್ತಿದ್ದ ಹಮಾಲರು ನಕ್ಕರು. ಅವರ ಹಿರಿಯ ಮಾತ್ರ ನಗಲಿಲ್ಲ. ಸಗರ ಎಂಬ ಊರಿನವರು, ಎಲ್ಲರಿಗೂ ಕಾಕಾ. ಮೊದಲ ದಿನದಿಂದಲೇ ಅವರು ನನ್ನನ್ನು ಕೆಂಗಣ್ಣಿನಿಂದ ನೋಡುತ್ತಿದ್ದರು. ಅದಕ್ಕೆ ಕಾರಣವೂ ಇತ್ತು.

"ಮೇಸ್ತ್ರಿ, ಈ ಬೆಲ್ಟ್ ಬಂಡಿ ಸುತ್ತ ಹೋಗ್ತದೋ, ನಮ್ಮ ಹೊಟ್ಟಿ ಮ್ಯಾಲ ಹೋಗ್ತದೋ, ಮೊದಲ ಅದು ಹೇಳ್ರಿ" ಅಂದರು.

ಅವರನ್ನೇ ಕರೆದುಕೊಂಡು ಸಾವ್ಕಾರರ ಮುಂದೆ ನಿಂತೆ. ಸಾವ್ಕಾರರು ಎಲ್ಲರ ಎದುರಿಗೇ ಹೇಳಿದರು: "ಒಬ್ಬರನ್ನೂ ಬಿಡಸಂಗಿಲ್ಲ ಕಾಕಾ. ಸೀಜನ್‌ನ್ಯಾಗ ನನಗ ಮಂದೀನ ಸಾಲಂಗಿಲ್ಲ. ಲಾರಿ ಇಳಸೋರು ಬೇಕು, ಗೋದಾಮಿನ್ಯಾಗ ಒಟ್ಟೋರು ಬೇಕು. ಈ ಬಂಡಿ ಸುತ್ತೋದೊಂದು ತಪ್ಪಲಿ."

ಕಾಕಾ ಅಷ್ಟಕ್ಕೇ ನಂಬಲಿಲ್ಲ. ಲಾರಿಗೆ ಎಷ್ಟು ಜನ, ಗೋದಾಮಿಗೆ ಎಷ್ಟು ಜನ ಎಂದು ಒಬ್ಬೊಬ್ಬರ ಹೆಸರು ಹಿಡಿದು ಹೇಳಿಸಿಕೊಂಡರು. ಹೊರಗೆ ಬಂದಮೇಲೆ ನನ್ನ ಬಾಗಿದ ಚೌಕಟ್ಟನ್ನು ಒಂದು ಸುತ್ತು ಹಾಕಿ ನೋಡಿದರು. ತಪ್ಪು ಕೆಲಸವನ್ನು ನೋಡಿ ಸುಮ್ಮನಿರಲಾಗದ ಜಾತಿಯ ಮನುಷ್ಯ.

"ನೀವು ಹಂತಿ ಕಟ್ಟಿದ್ದು ನೋಡಿಲ್ಲೇನ್ರಿ?" ಎಂದರು.

ನೋಡಿದ್ದೆ. ಕಣದ ನಡುವೆ ಮೇಟಿ ಎಂಬ ಕಂಬ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ತೆನೆ ತುಳಿಸಲು ಸುತ್ತ ತಿರುಗಿಸುವುದನ್ನು ಚಿಕ್ಕಂದಿನಲ್ಲಿ ಕಂಡಿದ್ದೆ.

"ಮೇಟಿ ಬಾಜೂಕ ಯಾವ ಎತ್ತು ಕಟ್ತಾರ?"

"ಮುದಿ ಎತ್ತು."

"ಯಾಕ?"

ಕಾಕಾ ಬಾಯಿಂದ ಹೇಳುವ ಬದಲು ಮೂವರು ಹಮಾಲರನ್ನು ಕರೆದು ಸಾಲಾಗಿ ನಿಲ್ಲಿಸಿ, ಕೈಕೈ ಹಿಡಿಸಿದರು. ಒಳತುದಿಯಲ್ಲಿ ತಾವು ನಿಂತರು. ಹೊರತುದಿಗೆ ನನ್ನನ್ನು ನಿಲ್ಲಿಸಿದರು. "ಸಾಲು ಮುರೀಬಾರದು ಮತ್ತ. ನಡೀರಿ" ಎಂದು ತಿರುಗತೊಡಗಿದರು. ಅವರು ನಿಂತಲ್ಲೇ ಕಾಲೆತ್ತಿ ಇಡುತ್ತಿದ್ದರು. ನಡುವಿನವರು ನಡೆಯುತ್ತಿದ್ದರು. ನಾನು ಓಡುತ್ತಿದ್ದೆ. ಎರಡನೆಯ ಸುತ್ತಿಗೆ ಒಂದು ಚಪ್ಪಲಿ ಹೋಯಿತು, ಮೂರನೆಯ ಸುತ್ತಿಗೆ ಉಸಿರು ಹೋಯಿತು. ಲಾರಿಯ ಡ್ರೈವರುಗಳು ಸಿಳ್ಳೆ ಹಾಕಿದರು.

"ತಿಳೀತೇನ್ರಿ? ಹೊರಗಿಂದು ಓಡಬೇಕು, ಒಳಗಿಂದು ಸಾವಕಾಶ ಹೋಗಬೇಕು. ನೀವು ಎರಡೂ ಎತ್ತು ಒಂದ ಸವನ ಓಡಸಾಕ ಹೊಂಟೀರಿ. ಬೆಲ್ಟ್ ಸಿಟ್ಟಿಗೇಳದ ಏನು ಮಾಡ್ತದ?"

ನಾನು ಏದುಸಿರು ಬಿಡುತ್ತಲೇ ಲೆಕ್ಕ ಹಾಕಿದೆ. ತಿರುವಿನ ನಡುಬಿಂದುವಿನಿಂದ ಬೆಲ್ಟಿನ ಒಳ ಅಂಚು ಆರು ಅಡಿ, ಹೊರ ಅಂಚು ಹತ್ತು ಅಡಿ. ಹಾಗಾದರೆ ಬೆಲ್ಟನ್ನು ತಿರುಗಿಸುವ ಉರುಳೆ ಒಂದೇ ದಪ್ಪ ಇರಬಾರದು. ಒಳತುದಿಯಲ್ಲಿ ಆರು ಇಂಚು ದಪ್ಪ, ಹೊರತುದಿಯಲ್ಲಿ ಹತ್ತು ಇಂಚು ದಪ್ಪ ಇರಬೇಕು. ಉರುಳೆ ಒಂದು ಸುತ್ತು ತಿರುಗಿದರೆ ದಪ್ಪ ತುದಿ ಬೆಲ್ಟನ್ನು ಹೆಚ್ಚು ದೂರ ಎಳೆಯುತ್ತದೆ, ಸಣ್ಣ ತುದಿ ಕಡಿಮೆ ದೂರ. ಲೆಕ್ಕ ಎಷ್ಟು ಚೆಂದ ಕೂತಿತೆಂದರೆ, ಬಿಸಿಲಲ್ಲಿ ನಿಂತು ಒಬ್ಬನೇ ನಕ್ಕೆ.

ಯಾದಗಿರಿಯ ಲೇಥ್ ಅಂಗಡಿಗೆ ಚಿತ್ರ ಒಯ್ದೆ. ಅಲ್ಲಿಯವನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, "ಬ್ಯಾಂಡ್ ಕಂಪನಿ ಚಾಲೂ ಮಾಡೀರೇನ್ರಿ? ತುತ್ತೂರಿ ಇದ್ದಂಗ ಅದ" ಅಂದ. ಆದರೂ ಎರಡು ಉರುಳೆಗಳನ್ನು ನುಣ್ಣಗೆ ಮಾಡಿಕೊಟ್ಟ.

ಉರುಳೆ ಬಂದವು. ಬೆಲ್ಟು ಮಾತ್ರ ಬಗ್ಗಲಿಲ್ಲ. ನೆಟ್ಟನೆಯ ಪಟ್ಟಿಯನ್ನು ಅವುಗಳ ಮೇಲೆ ಹಾಕಿದರೆ ಒಂದು ಅಂಚು ಬಿಗಿ, ಒಂದು ಅಂಚು ಸಡಿಲ. ಒಂದು ವಾರ ರದ್ದಿ ಕಾಗದ ಕತ್ತರಿಸಿ ಅಂಟಿಸಿ, ಅಂಗಡಿಯ ತುಂಬ ಕಸ ಮಾಡಿದೆ. ಬೆಲ್ಟಿನ ಆಕಾರ ಸಿಗಲಿಲ್ಲ.

ಇಲ್ಲಿ ಪಕ್ಕದ ಅಂಗಡಿಯ ಬಗ್ಗೆ ಹೇಳಬೇಕು. ನನ್ನ ಅಂಗಡಿಯ ಗೋಡೆಗೆ ಗೋಡೆ ಹತ್ತಿ ಒಂದು ಲೇಡೀಸ್ ಟೇಲರ್ ಅಂಗಡಿ. ನಡೆಸುವಾಕೆ ಸುರಪುರದಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದರು. ನಾನು ಕಬ್ಬಿಣ ಉಜ್ಜಿದಾಗ ಹಾರುವ ಕರಿಪುಡಿ ನೇರವಾಗಿ ಅವರ ಬಿಳಿ ಬಟ್ಟೆಗಳ ಮೇಲೆ ಕೂರುತ್ತಿತ್ತು. ಯಾರದೋ ಮದುವೆಯ ಹಳದಿ ಬ್ಲೌಸು ಹುಲಿಚರ್ಮವಾದ ಮೇಲೆ ನಮ್ಮ ನಡುವೆ ಮಾತು ನಿಂತಿತ್ತು. ಅವರು ನನ್ನನ್ನು ಕಂಡರೆ ಕತ್ತರಿಯನ್ನು ಮೇಜಿನ ಮೇಲೆ ಟಕ್ಕೆಂದು ಇಡುತ್ತಿದ್ದರು. ಅದೇ ನಮಸ್ಕಾರ.

ಆ ದಿನ ಅವರ ಅಂಗಡಿಯ ಮುಂದೆ ಹಾದು ಹೋಗುವಾಗ ಮೇಜಿನ ಮೇಲೆ ಹೊಲಿದು ಮಡಚಿಟ್ಟ ಒಂದು ಲಂಗ ಕಂಡಿತು. ಸೊಂಟದ ಕಡೆ ಕಿರಿದು, ಕೆಳಗೆ ಅಗಲ, ಎರಡೂ ಅಂಚು ಕಮಾನಿನಂತೆ ಬಾಗಿದ್ದವು. ನನ್ನ ತಿರುವು! ನಾನು ನೇರವಾಗಿ ಒಳಗೆ ನುಗ್ಗಿ, "ಅಕ್ಕಾರ, ಈ ಲಂಗ ಒಂದೀಟು ಕೊಡ್ರಿ" ಅಂದುಬಿಟ್ಟೆ.

ಬ್ಲೌಸಿನ ಅಳತೆ ಕೊಡಲು ಬಂದಿದ್ದ ಇಬ್ಬರು ಹೆಂಗಸರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಟೇಲರಮ್ಮ ಕತ್ತರಿಯನ್ನು ಈ ಸಲ ಮೇಜಿಗಿಡದೆ ಕೈಯಲ್ಲೇ ಹಿಡಿದು ಕೇಳಿದರು: "ಯಾರಿಗಿ?"

"ಬೆಲ್ಟಿಗ್ರಿ" ಅಂದೆ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಕೊನೆಗೆ ಬಂಡೆ, ಅಂಡಿಗೆ, ತುತ್ತೂರಿ ಉರುಳೆ, ಎಲ್ಲವನ್ನೂ ಮೊದಲಿಂದ ಹೇಳಿದೆ. ಅವರ ಮುಖ ಸಡಿಲಾಗಲಿಲ್ಲ, ಆದರೆ ಕೈ ಚಾಕ್‌ಪೀಸು ಹುಡುಕತೊಡಗಿತ್ತು.

"ಇದಕ್ಕ ಅಂಬ್ರೆಲಾ ಕಟ್ ಅಂತಾರ" ಎಂದು ಹಳೆಯ ಪೇಪರು ಹಾಸಿ, ದಾರದ ಒಂದು ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ, ಇನ್ನೊಂದು ತುದಿಗೆ ಚಾಕ್‌ಪೀಸು ಹಿಡಿದು ಎರಡು ಅರ್ಧಚಕ್ರ ಎಳೆದರು, ಒಂದು ಸಣ್ಣದು, ಒಂದು ದೊಡ್ಡದು. ನಡುವಿನ ಪಟ್ಟಿಯನ್ನು ಕತ್ತರಿಸಿ, ಅದರ ಎರಡು ತುದಿ ಕೂಡಿಸಿ, ಮೇಜಿನ ಮೇಲೆ ಚಪ್ಪಟೆ ಇಟ್ಟರು. ಅರ್ಧಚಕ್ರ ಮಡಚಿ ಕಾಲುಚಕ್ರವಾಗಿತ್ತು. ಮೇಲೊಂದು ಪದರ, ಕೆಳಗೊಂದು ಪದರ. ಮೇಲಿನದು ಅಂಡಿಗೆ ಒಯ್ಯಲು, ಕೆಳಗಿನದು ಹಿಂತಿರುಗಿ ಬರಲು. ನಾನು ಒಂದು ವಾರ ಹೆಣಗಿದ್ದನ್ನು ಅವರು ಗಿರಾಕಿಯ ಅಳತೆ ಬರೆದುಕೊಳ್ಳುತ್ತಲೇ ಮುಗಿಸಿದ್ದರು.

"ಇಷ್ಟಕ್ಕ ಯಾಕ ಒದ್ದಾಡಾಕತ್ತಿದ್ರಿ?" ಎಂದರು. ನನಗೆ ಸಿಟ್ಟು, ನಾಚಿಕೆ, ಸಂತೋಷ ಮೂರೂ ಒಟ್ಟಿಗೆ ಬಂದವು.

ಲೈನಿಂಗ್ ಬಟ್ಟೆಯಲ್ಲಿ ಒಂದು ಸಣ್ಣ ನಮೂನೆ ಹೊಲಿದು, ಸೀಮೆಎಣ್ಣೆ ಸುರಿಯುವ ಎರಡು ಲಾಳಿಕೆಗಳ ಮೇಲೆ ಹಾಕಿ ತಿರುಗಿಸಿದೆವು. ತಿರುಗಿತು. ಆದರೆ ತಿರುಗುತ್ತ ತಿರುಗುತ್ತ ಬಟ್ಟೆ ಸಣ್ಣ ತುದಿಯ ಕಡೆಗೆ ಜಾರಿ ಕೆಳಗೆ ಬಿತ್ತು. ನಾನು ಮತ್ತೆ ತಲೆಗೆ ಕೈ ಹಚ್ಚಿದೆ.

"ಹೊರಗಿನ ಅಂಚಿಗೆ ಡೋರಿ ಇಟ್ಟು ಪೈಪಿಂಗ್ ಹೊಲದ್ರ ಆತು. ಆ ಉಬ್ಬು ಹಿಡಕೊಂಡು ಕೂಡಾಕ ನಿಮ್ಮ ಕಬ್ಬಿಣದಾಗ ಏನರ ಮಾಡ್ರಿ. ಎಲ್ಲಾ ನಾನ ಹೇಳಬೇಕೇನು?"

ಮಾಡಿದೆ. ಹೊರ ಅಂಚಿನುದ್ದಕ್ಕೂ ಜೋಡಿ ಜೋಡಿ ಸಣ್ಣ ಗಾಲಿಗಳನ್ನು ಕೂರಿಸಿದೆ. ಬೆಲ್ಟಿನ ಅಂಚಿನಲ್ಲಿ ಹೊಲಿದ ದಪ್ಪ ಹಗ್ಗದ ಉಬ್ಬು ಆ ಗಾಲಿಗಳಿಗೆ ಸಿಕ್ಕಿಕೊಂಡು, ಬೆಲ್ಟು ಒಳಗೆ ಜಾರದಂತೆ ಹಿಡಿಯುತ್ತಿತ್ತು. ಬೆಲ್ಟನ್ನು ದಪ್ಪ ರಬ್ಬರ್ ಲೇಪದ ಕ್ಯಾನ್ವಾಸಿನಲ್ಲಿ, ಲಾರಿಗಳಿಗೆ ತಾಡಪಾಲು ಹೊಲಿಯುವವರ ಬಳಿ ಹೊಲಿಸಿದೆ. ಟೇಲರಮ್ಮ ಅಲ್ಲಿ ಸ್ಟೂಲು ಹಾಕಿಕೊಂಡು ಕೂತು, ಹೊಲಿಗೆ ಸೊಟ್ಟಗಾದಲ್ಲೆಲ್ಲ ಬಿಚ್ಚಿಸಿದರು. ಇದಕ್ಕೆಲ್ಲ ಅವರ ಷರತ್ತು ಒಂದೇ: ಕರಿಪುಡಿ ಹಾರದಂತೆ ನಮ್ಮ ಎರಡು ಅಂಗಡಿಗಳ ಅಂಗಳದ ನಡುವೆ ಸೂರಿನ ತನಕ ತಗಡು. ಅದನ್ನು ಎರಡು ದಿನ ಕೂತು ಹೊಡೆದೆ.

ಪರೀಕ್ಷೆಯ ದಿನ ಮಿಲ್ಲಿನಲ್ಲಿ ಎಲ್ಲರೂ ಸೇರಿದ್ದರು. ಸಾವ್ಕಾರರು ಕಾಯಿ ಒಡೆದರು. ಟೇಲರಮ್ಮ ಅರ್ಧ ದಿನ ಅಂಗಡಿ ಮುಚ್ಚಿ ಬಂದು ನೆರಳಲ್ಲಿ ನಿಂತಿದ್ದರು. ನಾನು ಅಂಡಿಗೆ ತರಿಸಲು ಕೈ ಮಾಡಿದರೆ ಕಾಕಾ ತಡೆದರು.

"ಅಂಡಿಗಿ ಆಮ್ಯಾಲ. ಮೊದಲ ಮಾಡಿದಾವ ಕೂಡಬೇಕು."

ಎಲ್ಲರೂ ಹೋ ಎಂದರು. ಬೇರೆ ದಾರಿ ಇರಲಿಲ್ಲ. ಬೆಲ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಮೋಟಾರು ಗುಂಯ್ ಎಂದಿತು. ನಾನು ಮೆಲ್ಲಗೆ ಬಂಡೆಯನ್ನು ಸುತ್ತತೊಡಗಿದೆ. ಸುಕ್ಕಿಲ್ಲ, ಜಗ್ಗಾಟವಿಲ್ಲ, ಹಾಸಿಗೆಯ ಮೇಲೆ ಕೂತಂತೆ. ಸರಿಯಾಗಿ ಅರ್ಧ ತಿರುವಿಗೆ ಬಂದಾಗ ಕರೆಂಟು ಹೋಯಿತು. ಬಂಡೆಗೆ ಮುಖ ಮಾಡಿ ಕೂತುಬಿಟ್ಟೆ. ಇಳಿಯಹೋದರೆ ಕಾಕಾ, "ಕೂಡ್ರಿ, ಕೂಡ್ರಿ, ಇಳದ್ರ ಪಾಸಾದಂಗಲ್ಲ" ಅಂದರು. ಕೂತಲ್ಲಿಗೇ ಚಹಾ ಬಂತು. ಕುಡಿದೆ. ಕರೆಂಟು ಬಂದ ಮೇಲೆ ಉಳಿದ ಅರ್ಧ ತಿರುವನ್ನು ಖಾಲಿ ಕಪ್ಪು ಹಿಡಿದೇ ಮುಗಿಸಿ ಗೋದಾಮಿನ ಬಾಗಿಲಲ್ಲಿ ಇಳಿದೆ. ಹಮಾಲರು ಚಪ್ಪಾಳೆ ತಟ್ಟಿದರು.

ಆಮೇಲೆ ಅಂಡಿಗೆ ಬಿಟ್ಟೆವು. ಮೊದಲನೆಯದು ಹೋಯಿತು. ಎರಡನೆಯದು ಹೋಯಿತು. ಮೂರನೆಯದು, ಯಾರೋ ಕಾಲಿಂದ ತುಳಿದು ತುಂಬಿದ ದಢೂತಿ ಅಂಡಿಗೆ, ತಿರುವಿನಲ್ಲಿ ಬಂಡೆಗೆ ಹೊಟ್ಟೆ ಒತ್ತಿ ನಿಂತಿತು. ಬೆಲ್ಟಿನ ಅಗಲ ಅಳೆದಿದ್ದೆ, ಬಂಡೆಯ ಅಂತರ ಅಳೆದಿದ್ದೆ. ಅಂಡಿಗೆಯ ಮೈ ಬೆಲ್ಟಿನಾಚೆ ಎಷ್ಟು ಉಬ್ಬುತ್ತದೆಂದು ಅಳೆದಿರಲಿಲ್ಲ.

"ಹೊಟ್ಟಿ ಅಳತಿ ತಗೊಂಡಿಲ್ಲೇನ್ರಿ ಅಣ್ಣಾರ?" ಟೇಲರಮ್ಮ ನೆರಳಿನಿಂದಲೇ ಕೂಗಿದರು. "ಬರೀ ಉದ್ದ ಅಳದ್ರ ಬ್ಲೌಸ್ ಆಗ್ತದೇನು?"

ಎಲ್ಲಕ್ಕಿಂತ ಜೋರಾಗಿ ನಕ್ಕವರು ಕಾಕಾ. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನದಿಂದ ಮಿಲ್ಲಿನಲ್ಲೇ ಕೂತು, ಸಿಕ್ಕ ಸಿಕ್ಕ ಅಂಡಿಗೆಗಳ ಹೊಟ್ಟೆಗೆ ಟೇಪು ಸುತ್ತಿದೆ. ಎಲ್ಲಕ್ಕಿಂತ ದಪ್ಪನೆಯದನ್ನು ಲೆಕ್ಕಕ್ಕೆ ಹಿಡಿದು, ಚೌಕಟ್ಟನ್ನು ಬಂಡೆಯಿಂದ ಒಂದೂವರೆ ಗೇಣು ಆಚೆ ಸರಿಸಿದೆ. ಹಮಾಲರೇ ಕೈ ಹಚ್ಚಿ ಸರಿಸಿಕೊಟ್ಟರು. ಅಂದಿನಿಂದ ಅದು ಪ್ರತಿ ಸೀಜನ್ನೂ ಓಡುತ್ತಿದೆ. ಹೇಳಿದಂತೆ ಸಾವ್ಕಾರರು ಯಾರನ್ನೂ ಬಿಡಿಸಲಿಲ್ಲ. ಕಾಕಾ ಲಾರಿಯ ಕಡೆ ನಿಂತು, ಅಂಡಿಗೆಯನ್ನು ಬೆಲ್ಟಿಗೆ ಹೇಗೆ ಇಡಬೇಕೆಂದು ಹೊಸಬರಿಗೆ ಕಲಿಸುತ್ತಾರೆ. ಆ ಬೆಲ್ಟನ್ನು ತಾವೇ ಮಾಡಿದ್ದೆಂದು ಕೆಲವರಿಗೆ ಹೇಳಿದ್ದಾರಂತೆ. ನಾನು ಅಲ್ಲಗಳೆದಿಲ್ಲ.

ಹೋದ ವರ್ಷ ಯಾದಗಿರಿಯಿಂದ ಗಾದಿ, ಅಂದರೆ ಹಾಸಿಗೆ, ಮಾಡುವವರೊಬ್ಬರು ಕರೆಸಿದರು. ಅವರ ಗೋದಾಮಿನಲ್ಲಿ ದೊಡ್ಡ ದೊಡ್ಡ ಗಾದಿಗಳು ಎರಡು ಕಂಬಗಳ ನಡುವೆ ಹಾವಿನಂತೆ ಎಡಕ್ಕೂ ಬಲಕ್ಕೂ ತಿರುಗಿ ಹೋಗಬೇಕು. ನಾನೊಬ್ಬನೇ ಹೋಗಲಿಲ್ಲ. ಟೇಲರಮ್ಮನನ್ನೂ ಕರೆದುಕೊಂಡು ಹೋದೆ. ಅವರು ಗಾದಿಯನ್ನು ನಾಲ್ಕೂ ಕಡೆ ಅಳೆದು, ಮಾಲೀಕರನ್ನು ಬದಿಗೆ ಸರಿಸಿ ಕಂಬ ಅಳೆದು, ಮತ್ತೆ ಗಾದಿ ಅಳೆದರು.

"ಇಬ್ಬರಾಗ ಡಿಸೈನ್ ಮಾಡೋರು ಯಾರು?" ಎಂದು ಮಾಲೀಕರು ನನ್ನನ್ನೇ ನೋಡುತ್ತ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಟೇಲರಮ್ಮ ಹೇಳಿದರು: "ಕಟಿಂಗ್ ನಂದ್ರಿ. ಕಬ್ಬಿಣ ಅವರದು."

ಹೊರಗೆ ಬಂದು ಬಸ್ ಸ್ಟ್ಯಾಂಡಿನ ಮುಂದೆ ಮಂಡಕ್ಕಿಯ ಸುಸಲಾ, ಮಿರ್ಚಿ ತಿನ್ನುತ್ತ, ಎರಡು ತಿರುವುಗಳ ನಡುವೆ ನೆಟ್ಟನೆಯ ತುಂಡು ಎಷ್ಟುದ್ದ ಇರಬೇಕೆಂದು ವಾದಕ್ಕೆ ಬಿದ್ದೆವು. ನನ್ನದು ನಾಲ್ಕು ಅಡಿ, ಅವರದು ಆರು ಅಡಿ. ಗಾದಿ ಸ್ವಲ್ಪ ಸುಧಾರಿಸಿಕೊಳ್ಳಬೇಕಲ್ಲ ಎಂಬುದು ಅವರ ಮಾತು. ಶಹಾಪುರದ ಬಸ್ಸು ಬಂದು, ನಿಂತು, ಹೋಯಿತು. ಆರು ಅಡಿಗೆ ಒಪ್ಪಿಕೊಂಡ ಮೇಲೆ ಮುಂದಿನ ಬಸ್ಸು ಹತ್ತಿದೆವು.