ಮಾವನ ವಾಚಿಗೆ ಅರಿಶಿನ

ಸೋದರಮಾವ ಎರಡನೇ ಸಲ ಗಲ್ಫಿಗೆ ಹೋಗುವಾಗ ತನ್ನ ಫಾರಿನ್ ವಾಚನ್ನು ಸಿಂಧನೂರಿನ ನಮ್ಮ ಮನೆಯಲ್ಲಿ ಬಿಟ್ಟುಹೋದ. ಗಲ್ಫಿನ ಮಾಲೀಕ ಖುಷಿಯಾಗಿ ಕೊಟ್ಟದ್ದು. ಅಂಥ ವಾಚನ್ನು ನಮ್ಮ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. "ಎಣ್ಣಿ, ಗ್ರೀಸಿನಾಗ ಕೆಲಸ ಮಾಡಾಂವ ನಾ, ಅಲ್ಲಿಗ್ಯಾಕ ಒಯ್ಯಲಿ? ಅಕ್ಕನ ಹತ್ರ ಇರ್ಲಿ" ಅಂದಿದ್ದ. ಅವ್ವನಿಗೆ ಇದು ವಾಚಿಗಿಂತ ದೊಡ್ಡ ಮಾತು. ಅಜ್ಜಿಯನ್ನು ಕಡೆಗಾಲದಲ್ಲಿ ಯಾರು ನೋಡಿಕೊಳ್ಳಬೇಕಿತ್ತು ಎಂದು ಜಗಳವಾಗಿ ಅಕ್ಕ ತಮ್ಮ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ವಾಚಿನ ನೆಪದಲ್ಲಿ ಅವನೇ ತನ್ನೂರು ಮಸ್ಕಿಯಿಂದ ನಮ್ಮ ಬಾಗಿಲಿಗೆ ಬಂದಿದ್ದ.

ಮಹಾನವಮಿ ಬಂತು. ಅವ್ವ ಕುಡುಗೋಲು, ಈಳಿಗೆ, ಹೊಲಿಗೆ ಮಷಿನ್ನು, ಅಪ್ಪನ ಸೈಕಲ್ಲು ಎಲ್ಲಕ್ಕೂ ಪೂಜೆ ಮಾಡಿ, "ತಮ್ಮನ ದುಡಿಮಿದು" ಎಂದು ವಾಚನ್ನೂ ಸಾಲಿನಲ್ಲಿಟ್ಟಳು. ಅರಿಶಿನ ಕಲಸಿ ಬಳಿದಳು, ಕುಂಕುಮ ಹಚ್ಚಿದಳು, ಕಾಯಿ ನೀರು ಚಿಮುಕಿಸಿದಳು. ಪುಣ್ಯಕ್ಕೆ ಕಾಯಿಯನ್ನು ಅದರ ಮೇಲೇ ಒಡೆಯಲಿಲ್ಲ. ಮರುದಿನ ನೋಡಿದರೆ ಗಾಜಿನ ಸುತ್ತ ಟಕಟಕ ತಿರುಗುತ್ತಿದ್ದ ಅಂಚು ಜಪ್ಪಯ್ಯ ಎಂದರೂ ಅಲುಗುತ್ತಿಲ್ಲ. ಅಪ್ಪ ಚಾಕುವಿನ ತುದಿಯಿಂದ ಅರಿಶಿನ ಕೆದರಲು ಹೋದ. ಅಂಚಿನ ಮೇಲೆ ಕೂಡಿಸಿದ್ದ, ಅಂಕಿಗಳಿದ್ದ ತೆಳ್ಳನೆಯ ಕಪ್ಪು ರಿಂಗು ಚಟ್ಟನೆ ಎದ್ದು ಬಾಗಿಹೋಯಿತು.

"ಏನ್ ಮಾಡಿದ್ರಿ ಇದನ್ನ!" ಎಂದು ಅವ್ವ ಕೂತುಬಿಟ್ಟಳು.

"ವಾಚಿಗೆ ಅರಿಶಿನ ಹಚ್ಚಂತ ನಾ ಹೇಳಿದ್ನೇನು?" ಅಪ್ಪನೂ ಬಿಡಲಿಲ್ಲ.

ಅದೇ ವಾರ ಮಸ್ಕಿಯಿಂದ ಬಂದವರೊಬ್ಬರು ಸುದ್ದಿ ಹೇಳಿದರು: "ನಿಮ್ಮ ತಮ್ಮ ಊರಿಗೆ ಬಂದಾನ ನೋಡ್ರಿ. ಸೋಮವಾರ ನಿಮ್ಮನಿಗೆ ಬರ್ತಾನಂತ." ಅವ್ವ ಉಣ್ಣುತ್ತಿದ್ದ ತಾಟು ಸರಿಸಿದಳು. "ಅವ್ವನ್ನ ನೋಡ್ಕೊಳ್ಳಿಲ್ಲ, ವಾಚೂ ನೋಡ್ಕೊಳ್ಳಿಲ್ಲ ಅಂತಾನ. ಹೊಳ್ಳಿ ನಮ್ಮ ಮನಿ ಕಡಿ ಕಾಲಿಡೂದಿಲ್ಲ" ಎಂದು ನನ್ನ ಮುಂದೆ ಅತ್ತಳು. ನನಗೆ ಅಪ್ಪ ಅವ್ವ ಇಬ್ಬರ ಮೇಲೂ ಸಿಟ್ಟು ಬಂದಿತ್ತು, ಆದರೂ ಅವಳ ಕಣ್ಣು ಒರೆಸಿದೆ.

ಸಿಂಧನೂರಿನ ವಾಚ್ ರಿಪೇರಿಯವನು ಮುಂಬೈಗೆ ಕಳಿಸಿ ಎಂದ. ಅಪ್ಪ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋದ. ದಾರಿಯಲ್ಲಿ ಬಸ್ಸು ಮಸ್ಕಿಯಲ್ಲಿ ನಿಂತಷ್ಟು ಹೊತ್ತೂ, ಭಾವಮೈದುನ ಕಂಡಾನೆಂದು ಟವೆಲ್ಲು ಮುಸುಕು ಹಾಕಿಕೊಂಡು ಕೂತಿದ್ದನಂತೆ. ಲಿಂಗಸುಗೂರಿನ ಅಂಗಡಿಯಲ್ಲಿ ಅದೇ ಅಳತೆಯ ನಕಲಿ ರಿಂಗು ಸಿಕ್ಕಿತು. ಆದರೆ ಅಂಗಡಿಯವನು ಕೂಡಿಸಲು ಒಪ್ಪಲಿಲ್ಲ. "ಭಾಳ ನಾಜೂಕ ಮಾಲು ರೀ. ಗಾಜು ಒಡದ್ರ ನನ್ನ ಜಿಮ್ಮಾ ಅಂತೀರಿ. ಮನ್ಯಾಗ ನೀವ ಕೂಡಿಸ್ಕೊಳ್ರಿ."

ಅಪ್ಪ ಮತ್ತೆ ವಾಚು ಮುಟ್ಟಲು ಒಲ್ಲೆ ಎಂದ, ಅವ್ವನಿಗೆ ಕಣ್ಣೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಕೆಲಸ ನನ್ನ ಕೊರಳಿಗೆ ಬಿತ್ತು. ರಿಂಗು ಹಾರೀತೆಂದು ಫ್ಯಾನು ಆರಿಸಿ, ಪಡಸಾಲೆಯಲ್ಲಿ ಹಾಸಿದ ಬಿಳಿ ಪಂಚೆಯ ಮೇಲೆ ಕೂತೆ. ಬೇವಿನ ಕಡ್ಡಿಯನ್ನು ಸೀಳಿ, ಸಂದಿಯ ಅರಿಶಿನವನ್ನು ಚೂರುಚೂರೇ ತೆಗೆದೆ. ಅಂಚು ಟಕ್ ಎಂದು ತಿರುಗಿದಾಗ ಮೂವರೂ ಉಸಿರು ಬಿಟ್ಟೆವು. ಆಮೇಲೆ ಅಂಟು ಸವರಿ, ರಿಂಗಿನ ಮೇಲಿನ ತ್ರಿಕೋನವನ್ನು ಹನ್ನೆರಡರ ನೇರಕ್ಕೆ ಹಿಡಿದೆ. "ಎಡಕ್ಕ, ಎಡಕ್ಕ" ಎಂದು ಅಪ್ಪ, "ಸುಮ್ನಿರ್ರಿ, ಅಂಟು ಒಣಗಾಕತ್ತದ" ಎಂದು ಅವ್ವ. "ಇಬ್ರೂ ಎದ್ದು ಹೊರಗ ನಡೀರಿ!" ಎಂದು ಕಿರುಚಿದೆ. ಕೊನೆಗೆ ಅಪ್ಪನ ಸುಣ್ಣದ ಡಬ್ಬಿಯ ಮುಚ್ಚಳಕ್ಕೆ ಬಟ್ಟೆ ಸುತ್ತಿ, ಕಣ್ಣು ಮುಚ್ಚಿ ಒತ್ತಿದೆ. ಗಾಜು ಒಡೆಯಲಿಲ್ಲ. ತ್ರಿಕೋನ ಕೂದಲೆಳೆಯಷ್ಟು ಓರೆಯಾಗಿ ಕೂತಿತ್ತು.

ಸೋಮವಾರ ಮಾವ ಬಂದ. ಚಹ ಕೈಗೆ ಬಂದರೂ ಕುಡಿಯದೆ ವಾಚನ್ನು ಹೊರಳಿಸಿ ಹೊರಳಿಸಿ ನೋಡಿದ. ನಾನು ಓರೆಯಾದ ತ್ರಿಕೋನವನ್ನೇ ನೋಡುತ್ತಿದ್ದೆ.

"ಅಕ್ಕಾ, ಹಬ್ಬದಾಗ ಇದಕ್ಕ ಪೂಜಿ ಮಾಡಿದ್ದಿಲ್ಲ?"

ಸಿಕ್ಕಿಬಿದ್ದೆವೆಂದೇ ಅವ್ವ ತಿಳಿದಳು. "ಇಲ್ಲಪಾ, ಯಾರೂ ಕೈ ಸೈತ ಹಚ್ಚಿಲ್ಲ. ಇಟ್ಟಲ್ಲೇ ಇತ್ತು."

ಮಾವನ ಮುಖ ಸಣ್ಣದಾಯಿತು. "ಖರೇ ಬಿಡು. ನನ್ನ ಸಾಮಾನಿಗೆ ನೀ ಯಾಕ ಪೂಜಿ ಮಾಡ್ತಿ? ಅಲ್ಲಿ ಒಬ್ನ ಕುಂತು, ಅಕ್ಕ ಇವತ್ತ ಕುಂಕುಮ ಹಚ್ಚಿರ್ತಾಳ ಅನ್ಕೊಂಡಿದ್ದೆ" ಎಂದು ಚಹ ಕೆಳಗಿಟ್ಟು ಎದ್ದ.

ಅವ್ವ ಒಳಗೆ ಓಡಿದಳು. ಬಾಗಿದ ಹಳೇ ರಿಂಗನ್ನು ತಂದು ಅವನ ಅಂಗೈಗೆ ಹಾಕಿ, "ಹಚ್ಚಿನೋ ನಮ್ಮಪ್ಪಾ, ಹಚ್ಚಿ ಹಚ್ಚಿನ ಹಾಳ್ ಮಾಡೀನಿ! ಹೊಸಾದು ಈಕೀನ ಕೂಡಿಸ್ಯಾಳ!" ಎಂದು ಗೊಳೋ ಎಂದು ಅತ್ತಳು. ಅಂಕಿಗಳ ತಗ್ಗಿನಲ್ಲಿ ಅರಿಶಿನ ಇನ್ನೂ ಮೆತ್ತಿಕೊಂಡಿತ್ತು.

ಮಾವ ಅದನ್ನು ಬೆರಳಲ್ಲಿ ಸವರಿದ. ಆಮೇಲೆ ಮತ್ತೆ ಕೂತು, ವಾಚನ್ನೂ ಆ ಬಾಗಿದ ರಿಂಗನ್ನೂ ನನ್ನ ಮುಂದೆ ಹಿಡಿದ.

"ಹೊಸಾದು ತೆಗಿಯವ್ವಾ. ಇದನ್ನ ಕೂಡಿಸು."