ಮಿಯಾಶಿತಾ ಇಕುಯೊ ಮತ್ತು ಎಲ್ಲರನ್ನೂ ಹೋಲುತ್ತಿದ್ದ ದುಷ್ಟ

ಮನುಷ್ಯನ ಮನಸ್ಸಿನ ಕತ್ತಲೆಯನ್ನು ಹತ್ತು ಹನ್ನೆರಡು ಪುಟಗಳಲ್ಲೇ ಬಗೆದು ತೋರಿಸುವ ಸಣ್ಣಕಥೆಗಳಿಗೆ ನಮ್ಮ ಟೋಕಿಯೊದಲ್ಲಿ ಎಂದೂ ಬರವಿರಲಿಲ್ಲ. ಅವನ್ನು ಬರೆದವರಿಗೆ ಸಲ್ಲಬೇಕಾದ ಹಾರ ತುರಾಯಿಗಳೂ ಸಂದಿವೆ. ಆದರೆ ಆ ಕತ್ತಲೆಯಲ್ಲಿ ಒಂದು ಅಕ್ಷರವೂ ಎಡವದಂತೆ ಕಾಯ್ದವರ ಹೆಸರು ಯಾವ ಮುಖಪುಟದ ಮೇಲೂ ಬರುವುದಿಲ್ಲ. ತ್ಸುಕಿಶಿರೊ ಪ್ರಕಾಶನದಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿ ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಮಾನ್ಯ ಮಿಯಾಶಿತಾ ಇಕುಯೊ ಅವರು ಅಂಥವರಲ್ಲಿ ಅಗ್ರಗಣ್ಯರು.

ಯುದ್ಧ ಮುಗಿದ ಮರುವರ್ಷ, ಛಾವಣಿ ಅರ್ಧವೇ ಉಳಿದಿದ್ದ ಕಛೇರಿಗೆ ಇಪ್ಪತ್ತೆರಡರ ಯುವತಿ ಇಕುಯೊ ಕೆಲಸಕ್ಕೆ ಸೇರಿದರು. ಮಳೆ ಬಂದರೆ ಕರಡಿನ ಹಾಳೆಗಳಿಗೆ ಕೊಡೆ ಹಿಡಿದು ತಾವು ನೆನೆಯುತ್ತಿದ್ದರು. ಲೇಖಕರ ಒಂದು ಅಲ್ಪವಿರಾಮವನ್ನೂ ತಾವಾಗಿ ಮುಟ್ಟಬಾರದೆಂಬುದು ಅವರ ವ್ರತ. ಸಂದೇಹ ಬಂದರೆ ಅಂಚಿನಲ್ಲಿ ಪೆನ್ಸಿಲಿನಿಂದ ವಿನಯವಾಗಿ ಕೇಳುತ್ತಿದ್ದರು: “ಗಂಡನಿಗೆ ವಿಷವಿಕ್ಕಿದ ಈಕೆ ಮೂರನೆಯ ಪುಟದಲ್ಲಿ ಎಡಚಿ, ಒಂಬತ್ತನೆಯದರಲ್ಲಿ ಅಲ್ಲ. ಯಾವ ಕೈಯಿಂದ ವಿಷವಿಕ್ಕಿದಳೆಂದು ತಿಳಿಸಿದರೆ ಉಪಕಾರ.” ತಿರಸ್ಕೃತ ಹಸ್ತಪ್ರತಿಗಳನ್ನು ಹಿಂದಿರುಗಿಸುವಾಗ, ಅದರಲ್ಲಿ ಚೆನ್ನಾಗಿದ್ದ ಒಂದು ವಾಕ್ಯ ಯಾವುದೆಂದು ಚೀಟಿಯಲ್ಲಿ ಬರೆದಿಡುತ್ತಿದ್ದರು. ಆ ಚೀಟಿಯ ಬಲದಿಂದಲೇ ಮತ್ತೆ ಬರೆದವರಲ್ಲಿ ನಾಲ್ವರು ಈ ಲೇಖನ ಸೇರಿರುವ ಕಥಾಸಂಪುಟದಲ್ಲಿದ್ದಾರೆ.

ಅವರ ವ್ರತಕ್ಕೆ ಕಠಿಣ ಪರೀಕ್ಷೆ ಒದಗಿದ್ದು ಸೇವೆಯ ಹತ್ತೊಂಬತ್ತನೆಯ ವರ್ಷ. ಓಗುರಿ ತೆಯ್‌ಜಿರೊ ಎಂಬ ಹಿರಿಯ ಕಥೆಗಾರರು ಹೊಸ ಕಥೆ ಕಳಿಸಿದ್ದರು. ಕಾಯಿಲೆ ಬಿದ್ದ ಗೆಳೆಯನನ್ನು ಕಂಡು ಒಳಗೊಳಗೇ ಹಿಗ್ಗುವವನೊಬ್ಬನ ಕಥೆ. ಆಸ್ಪತ್ರೆಗೆ ಹೊರಡುವ ಮುನ್ನ ಅವನು ಕನ್ನಡಿಯ ಮುಂದೆ ದುಃಖದ ಮುಖ ಅಭ್ಯಾಸ ಮಾಡುತ್ತಾನೆ. ಬಿಸಿಲಲ್ಲೂ ಕೊಡೆ ಹಿಡಿದು ಹೋಗುತ್ತಾನೆ, ಕಾಯಿಲೆ ಜೋರಾದಷ್ಟೂ ದೊಡ್ಡ ಕರಬೂಜ ಹಣ್ಣು ಒಯ್ಯುತ್ತಾನೆ. ಗೆಳೆಯ ಗುಣವಾಗಿ ಮನೆಗೆ ಬಂದ ದಿನ ಜ್ವರ ಹಿಡಿದು ಮಲಗುತ್ತಾನೆ.

ಕರಡು ಕಛೇರಿಯಲ್ಲಿ ಕೈಯಿಂದ ಕೈಗೆ ಹೋದದ್ದೇ ತಡ, ಪ್ರಧಾನ ಸಂಪಾದಕ ಅರಿಮುರಾ ಅವರು ಇಕುಯೊರ ಮೇಜಿನ ಬಳಿ ಬಂದು ದನಿ ತಗ್ಗಿಸಿದರು.

“ಮಿಯಾಶಿತಾ ಅವ್ರೇ, ಆ ಕರಬೂಜ ಅಷ್ಟು ಮುಖ್ಯಾನಾ? ಬೇರೆ ಹಣ್ಣು ಮಾಡಬಹುದಲ್ವಾ?”

ಹಿಂದಿನ ತಿಂಗಳು, ಪ್ರಧಾನ ಸಂಪಾದಕರ ಕುರ್ಚಿಗೆ ಪೈಪೋಟಿ ನಡೆಸಿದ್ದ ಸಹೋದ್ಯೋಗಿ ಆಸ್ಪತ್ರೆ ಸೇರಿದಾಗ ಅರಿಮುರಾ ಅವರು ಎರಡು ಕೈಯಲ್ಲೂ ಹಿಡಿಯಲಾಗದಂಥ ಕರಬೂಜ ಒಯ್ದಿದ್ದರು.

ಮಧ್ಯಾಹ್ನ ಮಾರಾಟ ವಿಭಾಗದ ಕಾಜಿತಾನಿ ಬಂದರು. “ಕನ್ನಡಿ ವಿಷ್ಯ ಓಗುರಿಯವ್ರಿಗೆ ಯಾರು ಹೇಳಿದ್ದು? ನೀವೇನಾದ್ರೂ ನೋಡಿದ್ರಾ?”

“ನಾನು ಗಂಡಸರ ಕೈತೊಳೆಯೋ ಕೋಣೆಗೆ ಬರಲ್ಲ, ಕಾಜಿತಾನಿ ಅವ್ರೇ.”

ಇಕುಯೊ ಯಾರ ಹೆಸರನ್ನೂ ಎತ್ತದೆ ಅಂಚಿನಲ್ಲಿ ಕೇಳಿದರು: “ಕರಬೂಜ ಅಗತ್ಯವೇ? ಕನ್ನಡಿ ಅಗತ್ಯವೇ?” ಓಗುರಿಯವರಿಗೆ ಅವಸರ. ಕೈಗೆ ಸಿಕ್ಕಿದ್ದನ್ನು ಬರೆದು ಕಳಿಸಿದರು. ಕರಬೂಜದ ಜಾಗಕ್ಕೆ ಕೆಂಪು ಅಲಸಂದೆಯ ಸಿಹಿ ಬಂತು. ಕನ್ನಡಿಯ ಜಾಗಕ್ಕೆ ಮೂಗಿನಲ್ಲೇ ಹಾಡು ಗುನುಗುವ ಚಾಳಿ. ಮರುದಿನ, ಬಿಸಿಲಲ್ಲೂ ಕೊಡೆ ಹಿಡಿಯುತ್ತಿದ್ದ ಅಚ್ಚುಮನೆಯ ಮೇಸ್ತ್ರಿ ಮುನಿಸಿಕೊಂಡದ್ದರಿಂದ ಕೊಡೆಯೂ ಹೋಗಿ, ಎಂಜಲು ಹಚ್ಚಿ ಹುಬ್ಬು ತೀಡುವ ಅಭ್ಯಾಸ ಬಂದು ಕೂತಿತು. ಕಛೇರಿ ನೆಮ್ಮದಿಯ ಉಸಿರು ಬಿಟ್ಟಿತು.

ಅಂತಿಮ ಕರಡು ಹಿಡಿದು ಇಕುಯೊ ಓಗುರಿಯವರ ಮನೆಗೆ ಹೋದರು. ಚಹಾ ಬಂತು. ಓಗುರಿಯವರು ಕೇಳಿದರು, “ನಮ್ಮ ಸಕಾಕಿ ಹೇಗಿದಾನಮ್ಮ?” ಸಕಾಕಿ ಎಂದರೆ ಅವರಷ್ಟೇ ಹೆಸರು ಮಾಡಿದ್ದ ಇನ್ನೊಬ್ಬ ಕಥೆಗಾರರು.

“ಪಿತ್ತಕೋಶದ ಕಲ್ಲಂತೆ, ಗುರುಗಳೇ. ಆಸ್ಪತ್ರೆಗೆ ಸೇರಿಸಿದಾರೆ.”

“ಅಯ್ಯೋ ಪಾಪ,” ಎಂದರು ಓಗುರಿ. ಬೆರಳನ್ನು ನಾಲಿಗೆಗೆ ತಾಗಿಸಿ ಹುಬ್ಬು ತೀಡಿದರು. ಮೂಗಿನಿಂದ ಸಣ್ಣಗೆ ಒಂದು ರಾಗ ಹೊರಟಿತು. ಆಮೇಲೆ ಒಳಗೆ ಕೂಗಿದರು, “ಏ ಇವಳೇ, ಅಲಸಂದೆ ಸಿಹಿ ಎರಡು ಡಬ್ಬಿ ತರಿಸು. ದೊಡ್ಡ ಡಬ್ಬಿ!”

ಇಕುಯೊ ಕೈಯಲ್ಲಿದ್ದ ಕರಡನ್ನೂ ಎದುರಿಗಿದ್ದವರನ್ನೂ ಮತ್ತೊಮ್ಮೆ ನೋಡಿದರು. ಈ ಮಹನೀಯರ ಸಿಟ್ಟಿಗೆ ಹಿಂದೆ ಇಬ್ಬರು ಕರಡು ತಿದ್ದುವವರು ಕೆಲಸ ಕಳೆದುಕೊಂಡಿದ್ದರು. ಕರಡಿನಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಸುಮ್ಮನೆ ಸಹಿ ಹಾಕಿಸಿಕೊಂಡು ಬಂದರೆ ಕೇಳುವವರಿರಲಿಲ್ಲ. ಆದರೆ ಪುಸ್ತಕ ಬಂದ ಮೇಲೆ ಊರೆಲ್ಲ ನಗುತ್ತದೆ, ಈ ಮುದುಕರಿಗೆ ಮಾತ್ರ ಕಾರಣ ತಿಳಿಯುವುದಿಲ್ಲ. ಇಕುಯೊ ಆ ಚಾಳಿಗಳಿದ್ದ ಏಳನೆಯ ಪುಟ ತೆಗೆದು ಎರಡೂ ಕೈಯಿಂದ ಮುಂದಿಟ್ಟು ಹಣೆ ಚಾಪೆಗೆ ತಾಗುವಂತೆ ಬಾಗಿದರು.

ಓಗುರಿಯವರು ಓದಿದರು. ಗುನುಗು ನಿಂತಿತು. ಜಾರುಬಾಗಿಲ ಹಿಂದಿನಿಂದ ಅವರ ಹೆಂಡತಿಯ ನಗು ಕೇಳಿತು. “ಈಗ ಗೊತ್ತಾಯ್ತಾ? ಮದುವೆಯಾದಾಗಿಂದ ನಾನು ಇದನ್ನೇ ಓದ್ತಾ ಇದೀನಿ!”

“ಬದಲಾಯಿಸ್ಬೇಕು,” ಎಂದರು ಓಗುರಿ, ಕಿವಿ ಕೆಂಪಾಗಿ.

“ಏನಂತ ಬರ್ಕೊಳ್ಳಲಿ, ಗುರುಗಳೇ?”

ಪೆನ್ಸಿಲ್ ಹಿಡಿದು ಇಕುಯೊ ಕಾದರು. ಚಹಾ ಆರಿತು. ಕೊನೆಗೆ ಓಗುರಿಯವರೆಂದರು, “ಬೇಡ, ಇರಲಿ ಬಿಡಿ. ಈಗಲೇ ಕಥೆಯಲ್ಲಿ ಆ ದುಷ್ಟ ಉಸಿರಾಡ್ತಾ ಇರೋದು.” ಸಹಿ ಹಾಕಿದರು. ಸಿಹಿ ಡಬ್ಬಿಗಳನ್ನು ಇಕುಯೊರ ಕೈಗಿತ್ತು, ಮರುದಿನ ಸಕಾಕಿಯವರನ್ನು ನೋಡಲು ಬರಿಗೈಯಲ್ಲಿ ಹೋದರು. ಓಗುರಿಯವರ ಕಥೆಗಳಲ್ಲಿ ಇಂದಿಗೂ ಜನ ಓದುವುದು ಅದೊಂದನ್ನೇ.

ಈ ಲೇಖನಕ್ಕಾಗಿ ಮಿಯಾಶಿತಾ ಅವರನ್ನು ಕಂಡಾಗ ಸಲಿಗೆಯಿಂದ ಕೇಳಿದೆವು: “ಆ ದುಷ್ಟ ನಿಮ್ಮನ್ನು ಮಾತ್ರ ಹೋಲಲೇ ಇಲ್ವಾ, ಅಕ್ಕಾ?”

ಅವರು ಕನ್ನಡಕ ಒರೆಸಿಕೊಂಡರು. “ಅರಿಮುರಾ ಅವ್ರು ಬರೋಕೂ ಮುಂಚೆ ಆ ಕಥೆಯಿಂದ ಒಂದು ಸಾಲು ತೆಗೆಸಿದ್ದೆ. ಅವರೆಲ್ಲ ನನ್ನ ನಂತರದವರು.”

ಯಾವ ಸಾಲೆಂದು ಹೇಳಲಿಲ್ಲ. ಕೇಳುವ ಧೈರ್ಯ ನಮಗೂ ಆಗಲಿಲ್ಲ. ಮಿಯಾಶಿತಾ ಅವರಿಗೆ ಆಯುರಾರೋಗ್ಯಗಳು ತುಂಬಿ ಬರಲಿ, ಅವರ ದೃಷ್ಟಿ ಇನ್ನೂ ಬಹುಕಾಲ ಚುರುಕಾಗಿರಲಿ, ಈ ಲೇಖನದ ಕರಡನ್ನೂ ಅವರೇ ನೋಡಿಕೊಡಲಿ ಎಂದು ಕಛೇರಿಯವರೆಲ್ಲ ತಲೆಬಾಗಿ ಹಾರೈಸುತ್ತೇವೆ.