ನನ್ನ ಕಡಿ ನೋಡಬ್ಯಾಡ್ರಿ ಎನ್ನುತ್ತಿದ್ದ ಶರಣಪ್ಪ ಕಾಕಾ

ಶರಣಪ್ಪ ಕಾಕಾ ಫೋಟೋ ತೆಗೆಯಲು ನಿಂತರೆ ಮೊದಲು ಕೂಗುತ್ತಿದ್ದದ್ದು, "ನನ್ನ ಕಡಿ ನೋಡಬ್ಯಾಡ್ರಿ! ನಾ ಇಲ್ಲೇ ಇಲ್ಲಾ ಅಂತ ತಿಳೀರಿ!" ಬಾಗಿಲಿಗೆ ತಲೆ ಬಡಿಯುವಷ್ಟು ಎತ್ತರದ ಆಳು. ತಲೆಗೆ ಕೆಂಪು ರುಮಾಲು, ಹೊಟ್ಟೆಗೆ ಆನಿಸಿ ಹಿಡಿದ ಕರಿ ಡಬ್ಬಿ, ಅದರೊಳಗೆ ಬಗ್ಗಿದ ಕುತ್ತಿಗೆ. ಇಂಥವನನ್ನು ಇಲ್ಲ ಎಂದು ತಿಳಿಯುವುದಾದರೂ ಹೇಗೆ? ಎತ್ತುಗಳು ಕೂಡ ಅವನ ಕಡೆ ತಿರುಗಿ ನೋಡುತ್ತಿದ್ದವು.

ಮೊಗುಡಂಪಲ್ಲಿಯ ಹತ್ತಿರದ ನಮ್ಮೂರಲ್ಲಿ ಅವನ ಹೊಲ ನಮ್ಮ ಹೊಲದ ಬದುವಿಗೆ ಹೊಂದಿಕೊಂಡೇ ಇತ್ತು. ಊರು ಆಂಧ್ರಕ್ಕೆ ಸೇರಿ, ಶಾಲೆಯ ಬೋರ್ಡು ತೆಲುಗಿಗೆ ತಿರುಗಿ ಕೆಲವು ವರ್ಷಗಳಾಗಿದ್ದ ಕಾಲ ಅದು. ಸೊಲ್ಲಾಪುರದ ಮಿಲ್ಲಿನಲ್ಲಿದ್ದ ಅವನ ಮಾವನೊಬ್ಬ ತನ್ನ ಹಳೆಯ ಡಬ್ಬಿ ಕ್ಯಾಮೆರಾವನ್ನು ಕಾಕಾನಿಗೆ ಕೊಟ್ಟುಬಿಟ್ಟಿದ್ದ. ಕಾಕಾ ತೊಗರಿ ಮಾರಲು ಜಹೀರಾಬಾದಿಗೆ ಹೋದಾಗ ರೀಲು ತರುತ್ತಿದ್ದ, ಮುಂದಿನ ಸಲ ಹೋದಾಗ ತೊಳೆಸಿಕೊಂಡು ಬರುತ್ತಿದ್ದ. ಅದು ಅವನ ಹೊಟ್ಟೆಪಾಡಲ್ಲ, ಶುದ್ಧ ಹುಚ್ಚು. ಆ ಹುಚ್ಚಿನ ಬಗ್ಗೆ ಅವನಿಗೆ ಎಳ್ಳಷ್ಟೂ ನಾಚಿಕೆ ಇರಲಿಲ್ಲ.

ಕಳೆ ಕೀಳುವುದು, ರಾಶಿ ತೂರುವುದು, ಎಳ್ಳ ಅಮಾವಾಸ್ಯೆಗೆ ಬೆಳೆಗೆಲ್ಲ ಎಡೆಯ ಅನ್ನದ ಚರಗ ಚೆಲ್ಲುತ್ತಾ ನಡೆಯುವುದು, ಇಂಥವೇ ಅವನಿಗೆ ಬೇಕು. "ಸುಮ್ ನಿಂತ್ರ ಎಲ್ಲಾ ಮನಷ್ಯಾರೂ ಒಂದೇ ಥರಾ ಕಾಣ್ತಾರ. ಕೆಲಸಕ್ಕ ಬಗ್ಗಿದಾಗ ನೋಡ್ರಿ, ಹರದಾರಿ ದೂರಿಂದ ಗುರ್ತ ಹತ್ತತಾರ" ಎಂಬುದು ಅವನ ವಾದ. ಒಮ್ಮೆ ಕುರಿ ಸಾಕುವ ಬೀರಪ್ಪ ಹೊಸ ಧೋತರ ಉಟ್ಟು, ಹೆಗಲಿಗೆ ಶಾಲು ಹಾಕಿಕೊಂಡು, ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದ. ಕಾಕಾ ಅವನನ್ನು ಬೈದು, ಹಳೇ ಬಟ್ಟೆ ಹಾಕಿಸಿ, ಉಣ್ಣೆ ಕತ್ತರಿಸಲು ಕೂರಿಸಿಯೇ ಫೋಟೋ ತೆಗೆದ. ತೊಳೆಸಿ ತಂದ ಫೋಟೋವನ್ನು ಬೀರಪ್ಪ ಬಹಳ ಹೊತ್ತು ನೋಡಿದ. "ಕುರೀದ ಮಾರಿ ಭಾಳ ಚಂದ ಬಂದದ ಶರಣಪ್ಪಾ. ನಂದು ಎಲ್ಲದ?" ಎಂದ. ಅವನ ರುಮಾಲು ಮಾತ್ರ ಕಾಣುತ್ತಿತ್ತು. ಜಹೀರಾಬಾದಿನ ಸ್ಟುಡಿಯೋದವನೂ ನಗುತ್ತಿದ್ದನಂತೆ: "ಕ್ಯಾ ಪಟೇಲ್, ತುಮಾರೇ ಗಾಂವ್ ಮೇ ಕಿಸೀಕು ಚೆಹರಾ ನೈ ಕ್ಯಾ?" ನಿಮ್ಮೂರಲ್ಲಿ ಯಾರಿಗೂ ಮುಖವೇ ಇಲ್ಲವೇ ಎಂದು.

ನಾವೂ ನಕ್ಕೆವು. ನಮ್ಮ ಕಡೆ ಬದುಕಿದ್ದವರ ಫೋಟೋ ಗೋಡೆಗೆ ತೂಗುಹಾಕುವುದಿಲ್ಲ, ಅಪಶಕುನ. ಕಾಕಾ ಕೊಟ್ಟದ್ದನ್ನೆಲ್ಲ ಸೀರೆಯ ಕೆಳಗೆ ಟ್ರಂಕಿನಲ್ಲಿ ಇಟ್ಟು ಮರೆಯುತ್ತಿದ್ದೆವು. ಹೀಗಾಗಿ ಮುಖವಿಲ್ಲದ ಫೋಟೋದಿಂದ ಏನು ತೊಂದರೆಯಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ.

ಅಪ್ಪ ತೀರಿಕೊಂಡಾಗ ಹೊಳೆಯಿತು. ದಿನಕರ್ಮದ ಊಟಕ್ಕೆ ಧಾರೂರು, ಪೆದ್ದೆಮುಲ್ ಕಡೆಯಿಂದ ಬೀಗರು ಬರುವವರಿದ್ದರು. ಆ ಹೊತ್ತಿಗೆ ಅಪ್ಪನ ಫೋಟೋ ಗೋಡೆಯ ಮೇಲಿರಬೇಕು, ಅದಕ್ಕೆ ವಿಭೂತಿ ಹಚ್ಚಬೇಕು. ಅವ್ವನಿಗೆ ಬೇರೇನೂ ಬೇಡವಾಗಿತ್ತು. ಟ್ರಂಕೆಲ್ಲ ತಡಕಿದರೂ ಸಿಕ್ಕಿದ್ದು ಒಂದೇ ಫೋಟೋ. ಮುಂಗಾರಿ ಬಿತ್ತನೆಯಲ್ಲಿ ಕಾಕಾ ತೆಗೆದದ್ದು. ಕೂರಿಗೆ ಹೊಡೆಯುತ್ತಾ ಹೊರಟ ಅಪ್ಪನ ಬೆನ್ನು, ಅಂಗಿಯ ಮೇಲೆ ಬೆವರಿನ ಕಲೆ, ಮುಂದೆ ಎತ್ತಿನ ಕೊಂಬು. ಮುಖವಿಲ್ಲ.

ಕಾಕಾನನ್ನು ಕರೆಸಿದರು. ಅವನು ಬಂದದ್ದೇ ತಡ ಅವ್ವ ಸಿಡಿದಳು. "ವಿಭೂತಿ ಎಲ್ಲಿ ಹಚ್ಚಲೋ ಶರಣಪ್ಪಾ? ಊರ ಮಂದೀಗೆಲ್ಲಾ ನೋಡಬ್ಯಾಡ್ರಿ, ನೋಡಬ್ಯಾಡ್ರಿ ಅಂದಿ. ಈಗ ನಾ ಯಾರ ಮಾರಿ ನೋಡ್ಲಿ?"

ನನಗೂ ಅವನ ಮೇಲೆ ಸಿಟ್ಟು ಬಂದಿತ್ತು. ಸೋದರಮಾವ ದಾರಿ ಹುಡುಕಿದ: ಸ್ಟುಡಿಯೋದಲ್ಲಿ ಕೋಟು ಹಾಕಿದ ಯಾರದಾದರೂ ಫೋಟೋಕ್ಕೆ ಕೈಯಿಂದ ಮುಖ ಬರೆದು ಕೊಡುತ್ತಾರೆ, ಮೀಸೆ ಹೀಗೆ, ಮೂಗು ಹೀಗೆ ಎಂದು ಹೇಳಿದರೆ ಸಾಕು. ಅವ್ವನನ್ನು ಅತ್ತಿಗೆ ಎಂದೇ ಕರೆಯುತ್ತಿದ್ದ ಕಾಕಾ ಅವಳ ಕಡೆ ತಿರುಗಿದ. "ವೈನಿ, ನೀವು ಹ್ಯಾಂಗ ಅಂತೀರೋ ಹಂಗ. ನಾನೇ ಹೋಗಿ ಬರಸ್ಕೊಂಡ ಬರ್ತೀನಿ. ಖರೇ, ಅಂವಾ ಅಣ್ಣ ಆಗಂಗಿಲ್ಲ."

ಅವ್ವ ಫೋಟೋ ಕೈಗೆ ತೆಗೆದುಕೊಂಡು ಹೊಸ್ತಿಲ ಬೆಳಕಿಗೆ ಹೋದಳು. ಬಿತ್ತುವಾಗ ಅಪ್ಪ ಕೂರಿಗೆಯ ಸಂಗಡ ಮುಂದೆ; ಅವ್ವ ಉಡಿಯಲ್ಲಿ ತೊಗರಿ ಬೀಜ ಕಟ್ಟಿಕೊಂಡು, ಕೂರಿಗೆಗೆ ಹಗ್ಗದಿಂದ ಬಿಗಿದ ಬಿದಿರು ಕೊಳವೆಗೆ ಬೀಜ ಬಿಡುತ್ತಾ ಹಿಂದೆ. ಮದುವೆಯಾಗಿ ಬಂದ ವರ್ಷದಿಂದ ಹಾಗೇ ನಡೆದವಳು ಅವಳು. ಈ ಸಲ ಮೆಲ್ಲಗೆ ಮಾತಾಡಿದಳು.

"ಯಾರೂ ಎಲ್ಲೂ ಹೋಗಬ್ಯಾಡ್ರಿ. ನಾ ಇವರನ್ನ ಹಿಂಗೇ ನೋಡೀನಿ. ಇದಕ್ಕೇ ಗಾಜಿನ ಕಟ್ಟ ಹಾಕಸ್ರಿ."

ಬೀಗರು ಗುಸುಗುಸು ಮಾತಾಡಿಕೊಂಡರು. ಅವ್ವ ಯಾರ ಕಡೆಯೂ ನೋಡದೆ ಮೂರು ಬೆರಳಿನ ವಿಭೂತಿಯನ್ನು ಅಪ್ಪನ ಬೆನ್ನಿಗೆ ಎಳೆದಳು. ಕಾಕಾ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. ಎಷ್ಟೋ ಮನೆಗಳಲ್ಲಿ ತೀರಿಕೊಂಡವರ ಫೋಟೋಗಳು ಟ್ರಂಕಿನಿಂದ ಒಂದೊಂದಾಗಿ ಗೋಡೆಗೆ ಬಂದದ್ದು ಆಮೇಲೆಯೇ.

ಕಾಕಾ ತೀರಿಹೋದಾಗ ನಾನು ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಸುದ್ದಿ ಸಿಕ್ಕಿ, ಬಸ್ಸು ಬದಲಿಸಿ ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಬಿಟ್ಟಿದ್ದರು. ಕೊನೆಯ ಸಲ ನೋಡಲಾಗಲಿಲ್ಲವಲ್ಲ ಎಂಬ ಸಂಕಟ ಇವತ್ತಿಗೂ ಇದೆ. ಅವನದೊಂದು ಫೋಟೋ ಯಾರ ಹತ್ತಿರವೂ ಇರಲಿಲ್ಲ. ಯಾರಿಗಾದರೂ ಡಬ್ಬಿ ಕೊಟ್ಟು ತಾನು ನಿಂತವನೇ ಅಲ್ಲ.

ದಿನಕರ್ಮ ಮುಗಿದ ಮೇಲೆ ಅವನ ಹೆಂಡತಿ ಕಾಕಿ ನಮ್ಮ ಮನೆಗೆ ಬಂದಳು. ಕೂಡು ಎಂದರೂ ಕೂಡಲಿಲ್ಲ. ಗೋಡೆಯ ಮೇಲಿನ ಅಪ್ಪನ ಬೆನ್ನನ್ನು ನೋಡುತ್ತಾ ಎರಡು ಹೆಜ್ಜೆ ಹಿಂದೆ ಸರಿದು, ಎಡಕ್ಕೆ ಒಂದಿಷ್ಟು ಜರುಗಿ, ಅವ್ವನ ಮಗ್ಗುಲಿಗೆ ಬಂದು ನಿಂತಳು.

"ಅಕ್ಕಾ, ಅವತ್ತ ಫೋಟೋ ತೆಗಿಯಾಗ ಅವರು ಇಲ್ಲೇ ನಿಂತಿರಬೇಕಲ್ಲಾ?" ಎಂದಳು.

ಅವ್ವ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟಳು.